ಕಾಲು ಬಿಟ್ಟು ಕತ್ತರಿಸಿ

ರಿಪೇರಿ ಮಾಮ ತಮ್ಮ ಆಯಸ್ಸಿನಲ್ಲಿ ಒಂದೇ ಒಂದು ಸೂಚನಾ ಪುಸ್ತಕವನ್ನೂ ಓದಿದವರಲ್ಲ. ಮಿಕ್ಸಿ, ಫ್ಯಾನು, ವಾಷಿಂಗ್ ಮಷಿನ್ನು, ಏನೇ ಬರಲಿ, ಡಬ್ಬಿಯೊಳಗಿನ ಪುಸ್ತಕವನ್ನು ಮೊದಲು ಹೊರತೆಗೆದು, ನಾಲ್ಕಾಗಿ ಮಡಚಿ, ಅಂಗಡಿಯಲ್ಲಿ ಅಲ್ಲಾಡುವ ಮೇಜು ಯಾವುದೋ ಅದರ ಅಡಿಗೆ ಕೊಟ್ಟುಬಿಡುತ್ತಿದ್ದರು. ಓದುವುದು ಗೊತ್ತಿಲ್ಲದವರ ಕೆಲಸ, ಬಿಚ್ಚುವುದು ಗೊತ್ತಿದ್ದವರ ಕೆಲಸ ಎಂಬುದು ಅವರ ಸಿದ್ಧಾಂತ. ಬಿಚ್ಚಿದ್ದನ್ನು ಬಹುಮಟ್ಟಿಗೆ ಜೋಡಿಸುತ್ತಲೂ ಇದ್ದರೆನ್ನಿ. ಇಲ್ಲದಿದ್ದರೆ ಅಷ್ಟು ವರ್ಷ ಅಂಗಡಿ ನಡೆಯುತ್ತಿರಲಿಲ್ಲ. ಅಂಥವರು ಅಂಗಡಿಗೆ ಬೀಗ ಹಾಕಿ ಮನೆಯಲ್ಲಿ ಕೂತ ವರ್ಷವೇ ಕೌದಿ ಹೊಲಿಯುವ ಸೂಚನೆಯ ಹಾಳೆ ಹಿಡಿಯಬೇಕಾಗಿ ಬಂತು.

ಕೌದಿ ಹೊಲಿಯುವುದರಲ್ಲಿ ಅವರ ಹೆಂಡತಿಯದು ಎತ್ತಿದ ಕೈ. ಅವಳು ಬಚ್ಚಲಲ್ಲಿ ಜಾರಿ ಬಿದ್ದು, ಮಣಿಕಟ್ಟು ಮುರಿದು, ಆ ಕೈ ಈಗ ಪ್ಲಾಸ್ಟರಿನೊಳಗೆ ಕುತ್ತಿಗೆಯ ಪಟ್ಟಿಗೆ ತೂಗಿಕೊಂಡು ಅಕ್ಷರಶಃ ಎತ್ತಿದ ಕೈಯೇ ಆಗಿತ್ತು. ಬಿದ್ದ ಹೊತ್ತಾದರೂ ಎಂಥದ್ದು! ಅವಳ ಅಕ್ಕ ಒಂದು ಬಟ್ಟೆಚೀಲ ತಂದುಕೊಟ್ಟು ಹೋಗಿ ವಾರವೂ ಆಗಿರಲಿಲ್ಲ. ಅಕ್ಕನ ಗಂಡ, ಅಂದರೆ ಮಾಮನ ಷಡ್ಡಕ, ಲಾರಿ ಓಡಿಸುತ್ತಿದ್ದವರು, ಹಿಂದಿನ ವರ್ಷ ತೀರಿಕೊಂಡಿದ್ದರು. ಕಣ್ಣೆದುರು ಇದ್ದರೆ ಅಮ್ಮ ಅಳುತ್ತಾಳೆಂದು ಮಕ್ಕಳು ಅವರ ಬಟ್ಟೆಯನ್ನೆಲ್ಲ ಯಾರು ಯಾರಿಗೋ ಕೊಟ್ಟಿದ್ದರು. ತಾನೇ ಮಂಚದಡಿ ಬಚ್ಚಿಟ್ಟಿದ್ದರಿಂದ ಅಕ್ಕನ ಪಾಲಿಗೆ ಉಳಿದದ್ದು ಈ ಒಂದು ಚೀಲ: ಒಂದಷ್ಟು ಅಂಗಿ, ಒಂದಷ್ಟು ಖಾಕಿ ಪ್ಯಾಂಟು.

“ಇಷ್ಟೇ ಉಳಿದಿರೋದು ಕಣೇ. ಹೊದ್ದುಕೊಳ್ಳೋ ಹಾಗೆ ಏನಾದ್ರೂ ಮಾಡಿಕೊಡು,” ಎಂದಿದ್ದಳು ಅಕ್ಕ. ಆಮೇಲೆ ಫೋನಿನಲ್ಲಿ ತಂಗಿಯ ಕೈಯನ್ನು ವಿಚಾರಿಸಿದಾಗಲೆಲ್ಲ, ತನಗೆ ನಿದ್ದೆ ಬರುತ್ತಿಲ್ಲವೆಂಬುದನ್ನೂ ಸೇರಿಸಿಯೇ ಫೋನು ಇಡುತ್ತಿದ್ದಳು.

ಆಗ ಮಾಮ ಎದೆಯುಬ್ಬಿಸಿ ಮುಂದೆ ಬಂದರು. ಇಡೀ ವಾಷಿಂಗ್ ಮಷಿನ್ನನ್ನೇ ಬಿಚ್ಚಿ ಹರಡಿದವನಿಗೆ ನಾಲ್ಕು ತುಂಡು ಬಟ್ಟೆ ಯಾವ ಲೆಕ್ಕ ಎಂದರು. ಹೆಂಡತಿ ಅವರನ್ನು ನೋಡಿದಳು, ಪ್ಲಾಸ್ಟರನ್ನು ನೋಡಿಕೊಂಡಳು, ಎರಡರಲ್ಲಿ ಯಾವುದು ಹೆಚ್ಚು ಅಪಾಯ ಎಂದು ಅಂದಾಜು ಹಾಕಿದಳು. ಕೊನೆಗೆ ಒಂದೇ ಷರತ್ತು ಹಾಕಿದಳು: ಹಾಳೆಯಲ್ಲಿ ಇದ್ದ ಹಾಗೇ ಮಾಡಬೇಕು, ಸ್ವಂತ ಬುದ್ಧಿ ಉಪಯೋಗಿಸಬಾರದು. ಹಾಳೆ ಅವಳ ಹೊಲಿಗೆ ತರಗತಿಯದು. ಅದನ್ನು ಬರೆದ ಟೀಚರು ಶಾಯಿ ಉಳಿಸುವುದರಲ್ಲಿ ನಿಸ್ಸೀಮಳು; ಒಂದು ಪದದಲ್ಲಿ ಆಗುವುದಕ್ಕೆ ಎರಡನೆಯದನ್ನು ಬರೆದವಳೇ ಅಲ್ಲ.

ಮೊದಲ ಪಾಠ ಹೆಂಡತಿಯ ಹೊಲಿಗೆ ಮಷಿನ್ನಿನಲ್ಲಿ, ಹಳೇ ಟವೆಲಿನ ಮೇಲೆ ನಡೆಯಿತು. ‘ಕಾಲು ಎತ್ತಿ, ಬಟ್ಟೆ ಇರಿಸಿ, ಕಾಲು ಇಳಿಸಿ’ ಎಂದಿತ್ತು ಹಾಳೆ. ಮಾಮ ವಿಧೇಯರಾಗಿ ತಮ್ಮ ಬಲಗಾಲನ್ನು ಎತ್ತಿ, ಬಟ್ಟೆ ಇರಿಸಿ, ಕಾಲನ್ನು ಮೆಲ್ಲಗೆ ನೆಲಕ್ಕೆ ಇಳಿಸಿದರು. ಹೆಂಡತಿ ನಕ್ಕು ನಕ್ಕು ಪ್ಲಾಸ್ಟರಿನ ಕೈ ನೋಯಿಸಿಕೊಂಡಳು. ಸೂಜಿಯ ಪಕ್ಕದಲ್ಲಿ ಬಟ್ಟೆಯನ್ನು ಒತ್ತಿ ಹಿಡಿಯುವ ಲೋಹದ ತುಂಡಿಗೂ ಕಾಲು ಎನ್ನುತ್ತಾರೆಂದು ತೋರಿಸಿಕೊಟ್ಟಳು. ಮಾಮ ಅದರಿಂದ ಒಂದು ಪಾಠ ಕಲಿತರು: ಹಾಳೆಯಲ್ಲಿ ಕಾಲು ಬಂದಾಗ, ಯಾರ ಕಾಲು ಎಂದು ಮೊದಲು ಯೋಚಿಸಬೇಕು.

ಮಾರನೆಯ ದಿನ ಹೆಂಡತಿ ಪಕ್ಕದ ಮನೆಯವಳ ಜೊತೆ ಪ್ಲಾಸ್ಟರು ತೋರಿಸಲು ಆಸ್ಪತ್ರೆಗೆ ಹೊರಟಳು. ತಾನು ಬರುವವರೆಗೆ ಚೀಲ ಮುಟ್ಟಬೇಡಿ ಎಂದಳು. ಅಷ್ಟರಲ್ಲಿ ಸ್ವಲ್ಪ ಮುಂದುವರಿಸಿ ಅವಳನ್ನು ಬೆರಗುಗೊಳಿಸೋಣ ಎಂದುಕೊಂಡರು ಮಾಮ. ಗಂಡಸರಿಗೆ ಇದೊಂದು ರೋಗ.

ಹಾಸಿಗೆಯ ಮೇಲೆ ಬಟ್ಟೆ ಹರಡಿದರು. ಚೌಕ, ಮುಕ್ಕೋನದ ರಟ್ಟುಗಳನ್ನಿಟ್ಟು ಗೆರೆ ಎಳೆಯಬೇಕು. ತುಂಡುಗಳೆಲ್ಲ ಸೇರಿ ನಕ್ಷತ್ರ ಆಗಬೇಕು. ಅದರ ಕೆಳಗಿನ ಸಾಲು: ‘ಎಲ್ಲ ಕಡೆ ಕಾಲು ಬಿಟ್ಟು ಕತ್ತರಿಸಿ.’ ಮಾಮ ಕಲಿತ ಪಾಠದಂತೆ ಯೋಚಿಸಿದರು. ಯಾರ ಕಾಲು? ನನ್ನದಲ್ಲ. ಮಷಿನ್ನು ಆಚೆ ಕೋಣೆಯಲ್ಲಿದೆ, ಅದರದ್ದೂ ಅಲ್ಲ. ಉಳಿದದ್ದು ಪ್ಯಾಂಟು. ಅಲ್ಲಿಗೆ ಎಲ್ಲ ಸ್ಪಷ್ಟವಾಯಿತು. ಪ್ಯಾಂಟುಗಳ ಕಾಲನ್ನು ಹಾಗೆಯೇ ಬಿಟ್ಟು, ಸೊಂಟದ ಭಾಗವನ್ನು ಗೆರೆಯ ಮೇಲೇ ನೀಟಾಗಿ ಕತ್ತರಿಸಿದರು. ಅಂಗಿಗೆ ಕಾಲೇ ಇಲ್ಲವಾದ್ದರಿಂದ ಆ ಸಾಲು ಅಂಗಿಗೆ ಅನ್ವಯಿಸುವುದಿಲ್ಲ ಎಂದು ತೀರ್ಮಾನಿಸಿ, ಅವನ್ನು ಗೆರೆಗೆ ಗೆರೆ, ಕೂದಲೆಳೆಯಷ್ಟೂ ತಪ್ಪದಂತೆ ಕತ್ತರಿಸಿ ಗುಡ್ಡೆ ಹಾಕಿದರು.

ಹೆಂಡತಿ ಬಂದವಳು ಚಪ್ಪಲಿ ಬಿಡುವುದನ್ನೂ ಮರೆತು ಬಾಗಿಲಲ್ಲೇ ನಿಂತಳು. ಒಂದು ತುಂಡನ್ನು ಎಡಗೈಯಲ್ಲಿ ಎತ್ತಿ, ಅಂಚನ್ನು ಬೆರಳಿನಿಂದ ಸವರಿದಳು.

“ರೀ, ಅಂಚೆಲ್ಲಿ?”

“ಯಾವ ಅಂಚು?”

“ಕಾಲು ಬಿಟ್ಟು ಅಂತ ಬರೆದಿತ್ತಲ್ಲ.”

“ಬಿಟ್ಟಿದೀನಲ್ಲ,” ಎಂದು ಮಾಮ ಹೆಮ್ಮೆಯಿಂದ ಪ್ಯಾಂಟಿನ ಕಾಲುಗಳ ಸಾಲನ್ನು ತೋರಿಸಿದರು.

“ಕಾಲು ಅಂದ್ರೆ ಕಾಲಿಂಚು ಕಣ್ರೀ. ಹೊಲಿಗೆಗೆ.”

ಗೆರೆಯಾಚೆ ಬಿಡಬೇಕಿದ್ದ ಆ ಕಾಲಿಂಚು ಈಗ ಚಿಂದಿಯಾಗಿ ಕಸದ ಬುಟ್ಟಿಯಲ್ಲಿತ್ತು. ಈ ತುಂಡುಗಳನ್ನು ಹೊಲಿದರೆ ಮುಕ್ಕೋನದ ತುದಿ ಹೊಲಿಗೆಯೊಳಗೆ ನುಂಗಿಹೋಗುತ್ತದೆ, ಚೌಕಕ್ಕೂ ಮುಕ್ಕೋನಕ್ಕೂ ತಾಳೆಯಾಗುವುದಿಲ್ಲ, ನಕ್ಷತ್ರ ಹುಟ್ಟುವುದಿಲ್ಲ. ಮಾಮ ಹಾಸಿಗೆಯ ಅಂಚಿನಲ್ಲಿ ಕೂತರು. ಯಾವ ಮಷಿನ್ನು ಕೆಟ್ಟರೂ ಬಿಡಿಭಾಗ ಸಿಗುತ್ತಿತ್ತು. ಸತ್ತ ಷಡ್ಡಕನ ಅಂಗಿಗೆ ಬಿಡಿಭಾಗ ಎಲ್ಲಿಂದ ತರುವುದು?

ಅಂಥದೇ ಬಟ್ಟೆ ಪೇಟೆಯಲ್ಲಿ ಹುಡುಕೋಣವೇ, ಅಕ್ಕನಿಗೆ ಹೇಗೆ ಗೊತ್ತಾಗುತ್ತೆ ಎಂದು ಕೇಳಿ ಬಾಯಿ ಮುಚ್ಚಿಕೊಂಡರು. ಹೆಂಡತಿ ಅಕ್ಕನಿಗೆ ಫೋನು ಮಾಡಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅತ್ತ ಕಡೆಯಿಂದ ‘ಬರ್ತೀನಿ’ ಎಂಬ ಮಾತೊಂದೇ ಬಂತು. ಮಾಮನಿಗೆ ಆ ದಿನ ಊಟ ಸೇರಲಿಲ್ಲ.

ಅಕ್ಕ ಬಂದಳು. ನೀರೂ ಬೇಡವೆಂದು ನೇರ ಹಾಸಿಗೆಯ ಹತ್ತಿರ ಹೋದಳು. ತುಂಡುಗಳನ್ನು ಒಂದೊಂದಾಗಿ ಎತ್ತಿ ನೋಡಿ ಇಟ್ಟಳು. ಮಾಮ ಗೋಡೆಗೆ ಅಂಟಿ ನಿಂತಿದ್ದರು. ಬೈದರೆ ಎಲ್ಲಿಂದ ಶುರುಮಾಡಬಹುದು ಎಂದು ಅವರೇ ಅವಳ ಪರವಾಗಿ ಯೋಚಿಸುತ್ತಿದ್ದರು. ಅಕ್ಕ ಪ್ಯಾಂಟಿನ ಕಾಲುಗಳ ಮುಂದೆ ನಿಂತುಬಿಟ್ಟಳು. ಅವಳ ಭುಜ ಅಲುಗತೊಡಗಿತು. ಅಳುತ್ತಿದ್ದಾಳೆಂದು ತಂಗಿ ಓಡಿ ಹತ್ತಿರ ಹೋದಳು.

ಅಕ್ಕ ನಗುತ್ತಿದ್ದಳು.

“ಬದುಕಿದ್ದಷ್ಟು ದಿನ ಈ ಮನುಷ್ಯನ ಕಾಲು ಮನೇಲಿ ನಿಲ್ಲಲೇ ಇಲ್ಲ. ನೀವು ನೋಡಿದ್ರೆ ಕಾಲು ಮಾತ್ರ ಉಳಿಸಿಕೊಟ್ಟಿದೀರಿ.” ಕಣ್ಣೊರೆಸಿಕೊಂಡು ಕಾಲುಗಳನ್ನು ಪಕ್ಕಪಕ್ಕಕ್ಕೆ ಜೋಡಿಸಿದಳು. “ನಕ್ಷತ್ರ ಯಾರಿಗೆ ಬೇಕಿತ್ತು? ಇದನ್ನೇ ಉದ್ದಕ್ಕೆ ಹೊಲೀರಿ. ಅಂಗಿ ತುಂಡು ಸುತ್ತ ಬರಲಿ, ಸಣ್ಣದಾದ್ರೆ ಆಗಲಿ.”

ಬೈಗುಳಕ್ಕೆ ತಯಾರಾಗಿದ್ದ ಮಾಮನಿಗೆ ಇದೇ ದೊಡ್ಡ ಆಘಾತ. ಏನು ಮಾಡಬೇಕೆಂದು ತೋಚದೆ ಹಾಳೆಯನ್ನು ಹುಡುಕಿ ತಂದರು. ಈ ಸಲ ತಲೆಯಿಂದ ಬುಡದವರೆಗೆ ಗಟ್ಟಿಯಾಗಿ ಓದಿದರು. ಪ್ರತಿ ಸಾಲಿಗೂ ನಿಲ್ಲಿಸಿ ಹೆಂಡತಿಯಿಂದ ಅರ್ಥ ಕೇಳಿಕೊಂಡರು. ಕಾಲುಗಳ ಒಳಹೊಲಿಗೆ ಬಿಚ್ಚಿದರು. ಬಿಚ್ಚುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಆಮೇಲೆ, ‘ಹೊಲಿಯುವ ಮೊದಲು ಇಸ್ತ್ರಿ ಹಾಕಿ ಸಪಾಟು ಮಾಡಿ’ ಎಂದಿದ್ದಂತೆ ಇಸ್ತ್ರಿಪೆಟ್ಟಿಗೆ ಕಾಯಿಸಿದರು.

ವರ್ಷಗಟ್ಟಲೆ ಲಾರಿಯಲ್ಲಿ ಕಾಲು ಮಡಿಸಿ ಕೂತು ಪ್ಯಾಂಟಿನ ಮಂಡಿಗಳು ಉಬ್ಬಿದ್ದವು. ಬಲಗಾಲಿನದು ಹೆಚ್ಚು, ಒಳಗೆ ಇನ್ನೂ ಯಾರೋ ಇದ್ದ ಹಾಗೆ. ಮಾಮ ಪೆಟ್ಟಿಗೆ ಇಡುವಷ್ಟರಲ್ಲಿ ಅಕ್ಕ ಅಲ್ಲಿ ಕೈ ಅಡ್ಡ ಇಟ್ಟಳು.

“ಅದು ಹಾಗೇ ಇರಲಿ.”

“ಸಪಾಟು ಮಾಡಬೇಕು ಅಂತ ಹಾಳೇಲಿದೆ, ಅಕ್ಕ,” ಎಂದರು ಮಾಮ ದೀನರಾಗಿ.

“ಹಾಳೆ ಬರೆದವಳು ಇದನ್ನ ಹೊದ್ದುಕೊಳ್ಳಲ್ಲ.”

ಮಾಮ ಹೆಂಡತಿಯ ಮುಖ ನೋಡಿದರು. ಅವಳು ತಲೆಯಾಡಿಸಿದಳು. ಇಸ್ತ್ರಿಪೆಟ್ಟಿಗೆಯ ಸ್ವಿಚ್ಚು ಆರಿಸಿ, ಬಟ್ಟೆಯನ್ನು ಹಾಗೇ ಮಷಿನ್ನಿಗೆ ಒಯ್ದು, ಕಾಲು ಇಳಿಸಿ, ಮಂಡಿ ಬಂದಲ್ಲಿ ಉಸಿರು ಬಿಗಿಹಿಡಿದು ನಿಧಾನವಾಗಿ ಹೊಲಿದರು.