ಮಾಯಪ್ಪ ವಸ್ತಾದ ಕಲಿಸದ ಪಾಠ

ಚಳವಳಿಯ ಸಮಿತಿ ಮಾಯಪ್ಪ ವಸ್ತಾದನಿಗೆ ಮೂರು ತಿಂಗಳ ಪಗಾರ ಕೊಡುವುದು ಇನ್ನೂ ಬಾಕಿ ಇದೆ. ತಿಂಗಳಿಗೆ ಎಂಟು ರೂಪಾಯಿ. ಮರೆತು ಉಳಿದ ಬಾಕಿಯಲ್ಲ ಅದು, ಬೇಕೆಂದೇ ತಡೆದದ್ದು. ಯಾಕೆ ತಡೆದರು ಎಂದು ಹೇಳಬೇಕಾದರೆ, ಯಾವ ಕೆಲಸಕ್ಕೆ ಆ ಪಗಾರ ಗೊತ್ತು ಮಾಡಿದ್ದರು ಎಂಬಲ್ಲಿಂದ ಸುರು ಮಾಡಬೇಕು.

ಮಾಯಪ್ಪ ಖಾನಾಪುರದ ಕುರುಬರ ಮನೆಯವನು. ಕುರಿಗಳ ಹಿಂದೆ ತಿರುಗುವುದಕ್ಕಿಂತ ಕುಸ್ತಿಯ ಹುಚ್ಚು ಜಾಸ್ತಿಯಾಗಿ ಹರೆಯದಲ್ಲೇ ಬೆಳಗಾವಿಗೆ ಬಂದು ಶಹಾಪುರದ ನೇಕಾರರ ಓಣಿಯಲ್ಲಿ ನೆಲೆ ನಿಂತ. ಅಲ್ಲಿ ಒಂದು ತಾಲೀಮು ನಡೆಸುತ್ತಿದ್ದ. ತಾಲೀಮು ಅಂದರೆ ಗರಡಿಮನೆ, ವಸ್ತಾದ ಅಂದರೆ ಅದರ ಗುರು. ಹಗಲೆಲ್ಲ ಮಗ್ಗದ ಗುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ಬೆನ್ನು ಬಾಗಿಸಿಕೊಂಡ ಹುಡುಗರು ಆತನ ಮಣ್ಣಿಗೆ ಇಳಿದು ನೆಟ್ಟಗಾಗುತ್ತಿದ್ದರು. ಮಾಯಪ್ಪನಿಗೆ ಅಕ್ಷರ ಬರುತ್ತಿರಲಿಲ್ಲ. ಹುಡುಗರು ಮಾತು ಕೇಳುತ್ತಿದ್ದರು, ಅಷ್ಟು ಸಾಕಿತ್ತು.

೧೯೨೧ರಲ್ಲಿ ಸಾರಾಯಿ ಅಂಗಡಿಗಳ ಮುಂದೆ ಧರಣಿ ಕೂರುವ ಚಳವಳಿ ಬಂತು. ಸಮಿತಿಯ ಕಾರ್ಯದರ್ಶಿ ತಾತ್ಯಾಸಾಹೇಬರು ಬಟ್ಟೆ ವ್ಯಾಪಾರದ ಜೈನ ಮನೆತನದವರು, ತಲೆ ಇದ್ದವರು. ಊರೂರಿನ ಹುಡುಗರನ್ನು ಒಬ್ಬೊಬ್ಬರಾಗಿ ಹಿಡಿದು ತಯಾರು ಮಾಡುವುದು ಆಗದ ಮಾತು ಎಂದು ಅವರಿಗೆ ಗೊತ್ತಿತ್ತು. ಹುಡುಗರು ಯಾರ ಮಾತು ಕೇಳುತ್ತಾರೋ ಆ ವಸ್ತಾದರನ್ನೇ ಕರೆಸಿ ತಯಾರು ಮಾಡೋಣ ಎಂದರು. ಶಿಬಿರ ಶಹಾಪುರದಲ್ಲೇ ಆಯಿತು. ಅದು ಸಾಂಗಲಿ ಸಂಸ್ಥಾನದ ಹದ್ದು, ಬೆಳಗಾವಿಯ ಪೊಲೀಸರು ಅಲ್ಲಿ ಸುಮ್ಮನೆ ಕಾಲಿಡುವಂತಿರಲಿಲ್ಲ. ವಸ್ತಾದರಿಗೆ ಕಲಿಸುವ ವಸ್ತಾದ ಎಂದು ಮಾಯಪ್ಪನನ್ನು ಪಗಾರಕ್ಕೆ ಇಟ್ಟುಕೊಂಡರು.

ಬಂದವರೆಲ್ಲ ಮೀಸೆ ತಿರುವುವ ಆಸಾಮಿಗಳು. ಹೊಡೆದರೂ ಕೈ ಎತ್ತಬಾರದು ಎನ್ನುವ ಮೊದಲ ಪಾಠಕ್ಕೇ ಮುಖ ಹುಳ್ಳಗೆ ಮಾಡಿಕೊಂಡರು.

"ಕೈ ಎತ್ತಬಾರ್ದಂದ್ರ ಈ ತೋಳು ಯಾಕ ಬೆಳಿಸೇವಿ ವಸ್ತಾದ? ಸಂತ್ಯಾಗ ಮಾರೂಣೇನು?" ಎಂದ ಖಾನಾಪುರದಿಂದ ಬಂದಿದ್ದ ಗುರುಸಿದ್ದ. ಅವನು ಅಲ್ಲಿ ಹೊಳೆಯ ದಂಡೆಯ ತಾಲೀಮಿನ ವಸ್ತಾದ, ವಯಸ್ಸಿನಲ್ಲಿ ಮಾಯಪ್ಪನಿಗಿಂತ ಸಣ್ಣವ, ಬಾಯಿ ದೊಡ್ಡದು.

"ಹೊಡಿಸ್ಕೊಳ್ಳಾಕ ಬೆಳಿಸೀಯಲೇ. ಸಣಕಲ ತೋಳು ಒಂದ ಏಟಿಗೆ ಮುರೀತೈತಿ. ನಿಂದು ನಾಕು ಏಟು ತಡೀತೈತಿ," ಎಂದ ಮಾಯಪ್ಪ.

"ಹಂಗಾರ ನಮ್ಮ ಎಮ್ಮಿ ಕರ್ಕೊಂಡು ಬರ್ತೀನ್ರಿ. ಅದು ಹತ್ತು ತಡೀತೈತಿ."

ಎಲ್ಲರೂ ನಕ್ಕರು, ಮಾಯಪ್ಪನೂ ನಕ್ಕ. ನಕ್ಕ ಮೇಲೆ ಕೆಲಸ ಸಲೀಸಾಯಿತು.

ಆದರೆ ಬೆಳಗಾವಿಯ ಮೊದಲ ಧರಣಿ ಮುರಿದದ್ದು ಪೊಲೀಸರಿಂದಲ್ಲ, ತಾಯಂದಿರಿಂದ. ಒಬ್ಬಾಕೆ ಬಂದು ಮಗನ ಕಿವಿ ಹಿಡಿದು ಎಬ್ಬಿಸಿದಳು. ಇನ್ನೊಬ್ಬಾಕೆ ಕಾಲಿಗೆ ಬಿದ್ದಳು. ಯಾರದೋ ಕಾಕಾ ಬಂದು, ಮಗ್ಗ ನಿಂತೈತಿ ನಡೀಲೇ ಅಂದ. ಹೊತ್ತು ಏರುವುದರೊಳಗೆ ಅಂಗಡಿಯ ಮುಂದೆ ಹಾಸಿದ ಜಮಖಾನೆ ಬರಿದಾಯಿತು. ಅಂಗಡಿಯವನು ಹೊರಗೆ ಬಂದು ಅದನ್ನು ಮಡಿಚಿ, "ತಗೋರ್ರಿ, ಮಳಿ ಬಂದೀತು," ಎಂದು ಕೊಟ್ಟ.

ಆ ಅವಮಾನವೇ ಮಾಯಪ್ಪನ ತಲೆಗೆ ಒಂದು ಉಪಾಯ ಕೊಟ್ಟಿತು. ಆ ಭಾಗದ ತಾಲೀಮುಗಳಲ್ಲಿ ಒಂದು ಕಟ್ಟಳೆ ಇತ್ತು. ಹಿಡಿದುಕೊಂಡ ಜೋಡಿಯನ್ನು ಬಿಡಿಸಲು ವಸ್ತಾದ ಬಾಯಿ ಬಿಡುವುದಿಲ್ಲ. ಒಂದು ಹಿಡಿ ಮಣ್ಣು ತೆಗೆದು ಬೆನ್ನ ಮೇಲೆ ಎಸೆಯುತ್ತಾನೆ. ಮಣ್ಣು ಬಿದ್ದರೆ ಬಿಡಬೇಕು. ಬೀಳದಿದ್ದರೆ ಉಸಿರು ಕಟ್ಟಿದರೂ ಬಿಡಬಾರದು. ಬೇರೆ ತಾಲೀಮಿನವನು ಎಸೆದರೆ ಅದಕ್ಕೆ ಬೆಲೆಯಿಲ್ಲ, ಅದು ಬರೀ ಧೂಳು. ಈ ಕಟ್ಟಳೆಯನ್ನು ಬೀದಿಗೆ ತಂದರೆ ಹೇಗೆ?

"ಹುಡುಗೂರನ್ನ ಕೈಗೆ ಕೈ ಹೆಣಿಸಿ ಕುಂದರಸ್ರಿ," ಎಂದು ಶಿಬಿರದಲ್ಲಿ ಹೇಳಿದ. "ಅವ್ವ ಕರದ್ರೂ ಏಳಬಾರ್ದು, ಅಪ್ಪ ಕರದ್ರೂ ಏಳಬಾರ್ದು. ನಾ ಬಂದು ಕರದ್ರೂ ಏಳಬಾರ್ದು. ತನ್ನ ವಸ್ತಾದ ಮಣ್ಣು ಒಗದ ಮ್ಯಾಲನ ಏಳಬೇಕು. ಇಷ್ಟು ಅವರ ತಲಿಯೊಳಗ ಕುಂತ್ರ ಸಾಕು."

ತಾತ್ಯಾಸಾಹೇಬರು ಎದ್ದು ಬಂದು ಆತನ ಬೆನ್ನು ಚಪ್ಪರಿಸಿದರು. ಆ ಕ್ಷಣ ಮಾಯಪ್ಪನಿಗೆ, ಇಷ್ಟು ವರ್ಷ ಮಣ್ಣಾಗಿದ್ದಕ್ಕೆ ಒಂದು ಅರ್ಥ ಬಂತು ಅನ್ನಿಸಿತು. ವಸ್ತಾದನನ್ನೇ ಎತ್ತಿಕೊಂಡು ಹೋದರೆ ಗತಿಯೇನು ಎಂದು ಅಲ್ಲಿದ್ದ ಯಾರೂ ಕೇಳಲಿಲ್ಲ. ಆತನಿಗೂ ಹೊಳೆಯಲಿಲ್ಲ. ತಾಲೀಮಿನ ಮಣ್ಣಿನಿಂದ ವಸ್ತಾದನನ್ನು ಯಾರೂ ಎತ್ತಿಕೊಂಡು ಹೋದದ್ದಿರಲಿಲ್ಲವಲ್ಲ.

ದೀಪಾವಳಿ ಕಳೆದು ಖಾನಾಪುರದ ಸಂತೆಯ ದಿನ ಗುರುಸಿದ್ದ ತನ್ನ ಹುಡುಗರನ್ನು ಸಾರಾಯಿ ಅಂಗಡಿಯ ಮುಂದೆ ಕೂರಿಸಿದ. ಅವರಲ್ಲಿ ಮಾಯಪ್ಪನ ಅಕ್ಕ ಫಕೀರವ್ವನ ಒಬ್ಬನೇ ಮಗ ಲಕ್ಷ್ಮಪ್ಪನೂ ಇದ್ದ. ಮೀಸೆ ಇನ್ನೂ ಚಿಗುರುತ್ತಿದ್ದ ಹುಡುಗ. ಶಿಷ್ಯನ ಧರಣಿ ನೋಡಬೇಕೆಂದು ಮಾಯಪ್ಪ ಬೆಳಿಗ್ಗೆಯ ರೈಲಿಗೆ ಹೊರಟ. ಸ್ಟೇಷನ್ನಿನಿಂದ ಪೇಟೆಗೆ ಬರುವುದರೊಳಗೆ ಆಗಬಾರದ್ದು ಸುರುವಾಗಿತ್ತು.

ಪೊಲೀಸ್ ಫೌಜದಾರ ಜಾಣ. ಹುಡುಗರನ್ನು ಮುಟ್ಟುವ ಮೊದಲು ಗುರುಸಿದ್ದನನ್ನು ಹಿಂದಿನಿಂದ ಹಿಡಿಸಿ, ಕೈ ಕಟ್ಟಿಸಿ, ಎತ್ತಿನ ಗಾಡಿಗೆ ಹಾಕಿ ಕಳಿಸಿಬಿಟ್ಟಿದ್ದ. ಗುರುಸಿದ್ದ ಗಾಡಿಯಿಂದ ಹೊರಳಿ ನೋಡಿ ನಕ್ಕನಂತೆ, ಹುಡುಗರು ಕದಲಲಿಲ್ಲ ಎಂಬ ಹೆಮ್ಮೆಗೆ. ಆಮೇಲೆ ಲಾಠಿಯ ಏಟು ಬಿದ್ದವು. ಸಮಿತಿಯವನೊಬ್ಬ ಸೀಟಿ ಊದಿ ಊದಿ, ಏಳ್ರೋ ಏಳ್ರೋ ಎಂದು ಕೂಗಿದ. ಯಾರೂ ಏಳಲಿಲ್ಲ. ತೋಳಿಗೆ ತೋಳು ಹೆಣೆದು ತಲೆ ತಗ್ಗಿಸಿ ಕೂತಿದ್ದರು, ಹಿಡಿದ ಜೋಡಿಯ ಹಾಗೆ.

ಮಾಯಪ್ಪ ಸಂತೆಯ ಜನರನ್ನು ತಳ್ಳಿಕೊಂಡು ಒಳಗೆ ನುಗ್ಗಿದ. ಮಾತು ನಡೆಯುವುದಿಲ್ಲ ಎಂದು ಆತನಿಗಿಂತ ಚೆನ್ನಾಗಿ ಬಲ್ಲವರಾರು? ಬೀದಿಯ ಮಣ್ಣು ಬಾಚಿ ಬಾಚಿ ಹುಡುಗರ ಬೆನ್ನ ಮೇಲೆ ಎಸೆದ. "ಬಿಡ್ರಲೇ! ಏಳ್ರಿ! ಮಣ್ಣು ಬಿತ್ತು!"

ಲಕ್ಷ್ಮಪ್ಪ ತಲೆ ಎತ್ತಿದ. ಹಣೆಯಿಂದ ರಕ್ತ ಇಳಿಯುತ್ತಿತ್ತು. "ಮಾವಾ, ನೀ ನಮ್ಮ ವಸ್ತಾದ ಅಲ್ಲ," ಎಂದ. ಮತ್ತೆ ತಲೆ ತಗ್ಗಿಸಿದ.

"ಲೇ, ನಿಮ್ಮ ವಸ್ತಾದಗ ಕಲಿಸಿದಾಂವ ನಾನಲೇ!"

"ಅದಕ್ಕ ಏಳವಲ್ಲೆ."

ಮುಂದಿನ ಏಟು ಅವನ ಸೊಂಟದ ಮೇಲೆ ಬಿತ್ತು. ಅದರ ಮುಂದಿನದೂ ಅಲ್ಲೇ. ಮಾಯಪ್ಪ ಅವನ ಮೇಲೆ ಅಡ್ಡ ಬಿದ್ದ, ಆದರೆ ಹೊತ್ತು ಮೀರಿತ್ತು. ಸೊಂಟದಿಂದ ಕೆಳಗೆ ಲಕ್ಷ್ಮಪ್ಪ ಆವತ್ತೇ ಸತ್ತ. ಮೇಲಿನದು ಇನ್ನೂ ಬದುಕಿದೆ.

ಕಟ್ಟಿಗೆ ಸಾಗಿಸುವ ಗಾಡಿಯಲ್ಲಿ ಮಲಗಿಸಿ ಮನೆಗೆ ತಂದಾಗ ಫಕೀರವ್ವ ಅಳಲಿಲ್ಲ. ಉಣ್ಣೆ ನೂಲುತ್ತಿದ್ದವಳು ಕದರು ಕೆಳಗಿಟ್ಟು, ಮಗನ ಕಾಲನ್ನು ಜೋರಾಗಿ ಚಿವುಟಿದಳು. ಅವನು ಸುಮ್ಮನಿದ್ದ. ಇನ್ನೊಂದು ಕಾಲು ಚಿವುಟಿದಳು.

"ಮಾಯಾ," ಎಂದಳು ತಮ್ಮನಿಗೆ, "ನಾ ಹೋಗಿದ್ನೋ ಮುಂಜಾನಿ. ಏಳೋ ಮಗನ ಅಂದೆ. ಅವ್ವ ಕರದ್ರೂ ಏಳಬಾರ್ದಂತ ಹೇಳ್ಯಾರ ಅಂದ. ಯಾರಲೇ ಹೇಳಿದ್ದು ಅಂದ್ರ ನಿನ್ನ ಹೆಸರು ಹೇಳಿದ."

 

ಮಾಯಪ್ಪ ಬೆಳಗಾವಿಗೆ ಮರಳಿದರೆ ಸಮಿತಿಯಲ್ಲಿ ಹಬ್ಬ. ಖಾನಾಪುರದ ಒಬ್ಬ ಹುಡುಗನೂ ಏಳಲಿಲ್ಲ! ತಾತ್ಯಾಸಾಹೇಬರು ಪೇಡೆ ತರಿಸಿದ್ದರು. ಇನ್ನೊಂದು ಶಿಬಿರಕ್ಕೆ ದಿನ ಗೊತ್ತಾಗಿತ್ತು, ಲೋಂಡಾ ಕಡೆಯವರೂ ಬರುವವರಿದ್ದರು. ಪಾಠ ಅದೇ.

"ಸಾಹೇಬ್ರ, ಅದು ಧೈರ್ಯ ಅಲ್ರಿ," ಎಂದ ಮಾಯಪ್ಪ. "ಏಳೋದು ಅವರಿಗೆ ಕಲಿಸಿದ್ದಿಲ್ರಿ. ನಾ ಕಲಿಸಿದ್ದಿಲ್ಲ. ಈ ಸಲ ಅದನ್ನೂ ಕಲಿಸೂಣು. ವಸ್ತಾದನ್ನ ಒಯ್ದ್ರ ಮಣ್ಣು ಒಗಿಯಾಂವ ಎರಡನೇದಾಂವ ಯಾರು, ಅವನ್ನೂ ಒಯ್ದ್ರ ಮೂರನೇದಾಂವ ಯಾರು ಅಂತ ಮೊದಲ ಹೇಳಿ ಕುಂದರಸೂಣು."

ತಾತ್ಯಾಸಾಹೇಬರು ಕೆಟ್ಟವರಲ್ಲ. ಲಕ್ಷ್ಮಪ್ಪನ ಔಷಧಕ್ಕೆ ತಮ್ಮ ಕೈಯಿಂದ ಹಣ ಕಳಿಸಿದ್ದರು. ಮಾಯಪ್ಪನನ್ನು ಪಕ್ಕಕ್ಕೆ ಕರೆದು ಹೇಳಿದರು: "ಖರೇ ಹೇಳ್ತಿ ಮಾಯಪ್ಪಾ. ಆದ್ರ ಏಳೋದು ಕಲಿಸಿದ್ರ ಕೂಡೋರು ಯಾರು? ನಿನ್ನ ಎರಡನೇದಾಂವ ಹೆದರಿ ಮೊದಲನೇ ಏಟಿಗೆ ಮಣ್ಣು ಒಗದ್ರ? ಮತ್ತ ಜಮಖಾನಿ ಮಡಚ್ಕೊಂಡು ಬರೋದೇನು?"

"ಬರೋದ್ರಿ. ಕಾಲಿನ ಮ್ಯಾಲೆ ನಡ್ಕೋತ ಬರೋದು."

"ಪೇಡೆ ತಿನ್ನು," ಎಂದರು ತಾತ್ಯಾಸಾಹೇಬರು. ಆತ ತಿನ್ನಲಿಲ್ಲ.

ಹೊಸ ಶಿಬಿರದಲ್ಲಿ ಮಾಯಪ್ಪ ಅಪ್ಪಣೆ ಮೀರಿದ. ಬಂದ ವಸ್ತಾದರನ್ನೇ ತೋಳು ಹೆಣೆಸಿ ಕೂರಿಸಿ, "ನಿಮ್ಮನ್ನ ಒಯ್ದ ಮ್ಯಾಲೆ ನಿಮ್ಮ ಹುಡುಗೂರನ್ನ ಎಬ್ಬಸಾಂವ ಯಾರ್ರಿ? ಹೆಸರು ಹೇಳ್ರಿ," ಎಂದು ಒಬ್ಬೊಬ್ಬರನ್ನೇ ಕೇಳುತ್ತ ಹೋದ. ತಾನಿರುವಾಗ ತನ್ನ ಮಣ್ಣನ್ನು ಇನ್ನೊಬ್ಬನ ಕೈಗೆ ಕೊಡುವುದೆಂದರೆ ವಸ್ತಾದನಿಗೆ ಸಾವಿದ್ದಂತೆ. ಒಬ್ಬ ಎದ್ದು ನಿಂತ. "ಅಳಿಯನ ಸೊಂಟ ಮುರೀತಂತ ಇಂವನ ಎದಿನೂ ಮುರದೈತಿ. ಹೆಂಗಸಿನ ಮಾತು ಹೇಳಾಕ ಇಷ್ಟು ದೂರ ಕರಸ್ಯಾರೇನು?" ನಗೆ ಎದ್ದಿತು. ಆ ನಗೆಯಲ್ಲಿ ಮಾಯಪ್ಪ ನಗಲಿಲ್ಲ.

ಅಂದಿನಿಂದ ಆತನನ್ನು ಶಿಬಿರದೊಳಗೆ ಬಿಡಲಿಲ್ಲ, ದುಡಿದ ತಿಂಗಳುಗಳ ಪಗಾರವನ್ನೂ ತಡೆದರು. ಪೊಲೀಸರಿಗೆ ಮಾರಿಕೊಂಡಿದ್ದಾನೆ ಎಂಬ ಸುದ್ದಿ ತಾನಾಗಿಯೇ ಹಬ್ಬಿತು. ಶಹಾಪುರದ ಹುಡುಗರು ಒಬ್ಬೊಬ್ಬರಾಗಿ ಬೇರೆ ತಾಲೀಮಿಗೆ ಹೋದರು. ಹೆಂಡತಿ ಭೀಮಕ್ಕ, "ಸಾಕು, ಖಾನಾಪುರಕ್ಕ ಹೋಗೂಣು, ಕುರಿ ಕಾಯೂಣು. ಕುರಿ ಕರದ್ರ ಬರ್ತಾವ," ಎಂದಳು. ಇಬ್ಬರೂ ಖಾನಾಪುರಕ್ಕೆ ಮರಳಿದರು.

ಗುರುಸಿದ್ದ ಜೈಲಿನಿಂದ ಹೊರಬಿದ್ದದ್ದು ಮುಂದಿನ ಮಳೆಗಾಲಕ್ಕೆ. ಪೇಟೆಯವರು ಹಾರ ಹಾಕಿ ಕರೆತಂದರು. ಹಾರ ಕೊರಳಲ್ಲಿರುವಾಗಲೇ ಅವನನ್ನು ಫಕೀರವ್ವ ಕೈ ಹಿಡಿದು ಮನೆಗೆ ಎಳೆದುಕೊಂಡು ಹೋದಳು. ಅವನ ತಾಲೀಮಿನ ಮಣ್ಣನ್ನು ಸೆರಗಿನಲ್ಲಿ ಕಟ್ಟಿ ತಂದಿಟ್ಟಿದ್ದಳು. ಮಗನನ್ನು ಬೋರಲು ಮಲಗಿಸಿ, "ನೀನ ಕುಂದರಿಸೀದಿ, ನೀನ ಎಬ್ಬಸು," ಎಂದಳು.

ಮಾಯಪ್ಪ ಗೋಡೆಗೆ ಒರಗಿ ನಿಂತಿದ್ದ. ಗುರುಸಿದ್ದ ಹಿಡಿ ಮಣ್ಣು ಎಸೆದ. ಲಕ್ಷ್ಮಪ್ಪ ಎರಡೂ ಕೈ ನೆಲಕ್ಕೆ ಊರಿ ನಿಜಕ್ಕೂ ಏಳಲು ನೋಡಿದ. ಎದೆ ಮೇಲಾಯಿತು, ಸೊಂಟ ಕದಲಲಿಲ್ಲ.

"ಇರ್ಲಿ ಬಿಡ್ರಿ ವಸ್ತಾದರ," ಎಂದ ಹುಡುಗ, ಏದುಸಿರು ಬಿಡುತ್ತ. "ಮಣ್ಣು ಬಿತ್ತಲ್ಲ. ಇನ್ನ ನನ್ನ ಬಿಟ್ಟಂಗಾತು."

ಗುರುಸಿದ್ದ ಆಮೇಲೆ ತಾಲೀಮಿಗೆ ಇಳಿಯಲಿಲ್ಲ. ಮಾಯಪ್ಪ ಮಾತ್ರ ಬಿಡಲಿಲ್ಲ. ಏಳೆಂಟು ವರ್ಷದಿಂದ ಖಾನಾಪುರದ ಹಳ್ಳಿಹಳ್ಳಿಗೆ ನಡೆದು, ತಾಲೀಮಿನ ಬಾಗಿಲಲ್ಲಿ ನಿಂತು ಮಣ್ಣು ಎಸೆಯುವ ಎರಡನೆಯವನ ಹೆಸರು ಕೇಳುತ್ತಾನೆ. ಕೆಲವರು ಚಹಾ ಕೊಟ್ಟು ಕಳಿಸುತ್ತಾರೆ, ಕೆಲವರು ನಾಯಿ ಬಿಡುತ್ತಾರೆ. ಹೂಂ ಎಂದು ಮಾಡಿ ತೋರಿಸಿದ ವಸ್ತಾದ ಒಬ್ಬನೂ ಸಿಕ್ಕಿಲ್ಲ. ಈಗ ಮತ್ತೆ ಚಳವಳಿಯ ಮಾತು ಎದ್ದಿದೆ. ಶಹಾಪುರದಲ್ಲಿ ಮತ್ತೆ ಶಿಬಿರ ಕೂಡಿದೆ. ಮೊನ್ನೆ ಮಾಯಪ್ಪ ಅದರ ಬಾಗಿಲಿಗೆ ಹೋಗಿದ್ದ. ಕಾವಲಿನ ಹುಡುಗರು ಕೈ ಹೆಣೆದು ಅಡ್ಡ ನಿಂತರು. ಎಷ್ಟು ಅಂಗಲಾಚಿದರೂ ಕದಲಲಿಲ್ಲ. ಚೆನ್ನಾಗಿ ಕಲಿತಿದ್ದಾರೆ.

ಇದನ್ನು ಓದುವ ನೀವು ಮಾಯಪ್ಪನಿಗಾಗಿ ಮರುಗುವುದು ಬೇಡ. ನಿಮ್ಮ ಓಣಿಯಲ್ಲೂ ಹುಡುಗರನ್ನು ಕಲೆಹಾಕುವವನೊಬ್ಬ ಇದ್ದಾನೆ, ಇಲ್ಲವೆ ನೀವೇ ಅವನು. ಇವತ್ತೇ ಹೋಗಿ ಎದುರು ನಿಂತು ಕೇಳಿ: ನಿನ್ನನ್ನು ಎತ್ತಿಕೊಂಡು ಹೋದ ಮೇಲೆ ಇವರನ್ನು ಎಬ್ಬಿಸಿ ಮನೆಗೆ ಕಳಿಸುವವನು ಯಾರು? ಎಲ್ಲರ ಮುಂದೆ ಅವನು ಹೆಸರು ಹೇಳಲಿ, ಆ ಹೆಸರಿನವನು ಎದ್ದು ನಿಲ್ಲಲಿ, ಹುಡುಗರು ಅವನ ಮಾತಿಗೆ ಒಮ್ಮೆ ಎದ್ದು ತೋರಿಸಲಿ. ಅಲ್ಲಿಯವರೆಗೆ ನಿಮ್ಮ ಮಗನನ್ನು ಅವನ ಕೈಗೆ ಕೊಡಬೇಡಿ.