ಅಕ್ಕ ಹಾಕಿದ ಬೀಗ

ಪೆನ್ ಡ್ರೈವ್ ಚುಚ್ಚಿ, ಫೈಲ್ ಎಳೆದು ಬಿಟ್ಟೆ. ಪರದೆಯ ಮೇಲೆ ಒಂದು ಚೌಕ ಎದ್ದು ನಿಂತಿತು. ಇಂಗ್ಲಿಷನ್ನು ಅಕ್ಷರ ಕೂಡಿಸಿಕೊಂಡು ಓದುವಷ್ಟು ನನಗೆ ಬರುತ್ತದೆ. ಇದನ್ನು ಕಾಪಿ ಮಾಡಲು ನಿನಗೆ ಅನುಮತಿ ಇಲ್ಲ ಎಂದಿತ್ತು. ಇನ್ನೊಂದು ಪೆನ್ ಡ್ರೈವ್ ಹುಡುಕಿ ತಂದೆ. ಮುಂದಿನ ತೂತು ಬಿಟ್ಟು ಹಿಂದಿನದಕ್ಕೆ ಹಾಕಿದೆ. ಕಂಪ್ಯೂಟರ್ ಆರಿಸಿ ಮತ್ತೆ ಹಚ್ಚಿದೆ. ಅದೇ ಮಾತು. ಆಮೇಲೆ ಕಣ್ಣಿಗೆ ಬಿತ್ತು, ಪ್ರತಿ ಫೈಲಿನ ಮೂಲೆಯಲ್ಲೂ ಒಂದು ಸಣ್ಣ ಬೀಗದ ಚಿತ್ರ. ಮೊದಲು ಅದು ಇರಲಿಲ್ಲ.

ಅವು ನಮ್ಮ ಮನೆಯ ಸೀರೆಯ ದಡಿಗಳು, ಅಂಚಿನ ನಕ್ಷೆಗಳು. ನಾರಾಯಣಪೇಟೆಯಲ್ಲಿ ನಮ್ಮದು ಮಗ್ಗದ ಮನೆ. ಅವ್ವ ಚೌಕಳಿ ಹಾಳೆಯ ಮೇಲೆ ಬಣ್ಣದ ಪೆನ್ಸಿಲಿನಿಂದ ಬರೆದಿಟ್ಟ ದಡಿಗಳು ಟ್ರಂಕಿನಲ್ಲಿದ್ದವು. ಅವ್ವ ಹೋದ ಮೇಲೆ ಗೆದ್ದಲು ಹಿಡಿಯಿತು. ಗಂಡ ತೀರಿಕೊಂಡು ರಾಯಚೂರಿನಿಂದ ತವರಿಗೆ ಬಂದಿದ್ದ ಅಕ್ಕ, ತನ್ನ ಜೊತೆ ತಂದ ಕಂಪ್ಯೂಟರಿನಲ್ಲಿ ಆ ಹರಕು ಹಾಳೆಗಳನ್ನು ನೋಡಿ ನೋಡಿ ಒಂದೊಂದೇ ಚೌಕ ತುಂಬಿಸುತ್ತ ಮೂರು ವರ್ಷ ಕೂತಳು. ನಲವತ್ತಕ್ಕೂ ಹೆಚ್ಚು ದಡಿ ಉಳಿದವು, ಹಾಳೆಗಳು ಪುಡಿಯಾಗಿ ಹೋದವು. ಅವಳು ಡಿಗ್ರಿ ಓದಿದವಳು, ನಾನು ಕನ್ನಡ ಶಾಲೆಯಲ್ಲಿ ಏಳನೆಯದು ಮುಗಿಸಿ ಮಗ್ಗಕ್ಕೆ ಇಳಿದವನು. ಕಂಪ್ಯೂಟರಿನಲ್ಲಿ ಅವಳ ಹೆಸರಿಗೊಂದು, ನನ್ನ ಹೆಸರಿಗೊಂದು ಬಾಗಿಲು, ಅಂದರೆ ಲಾಗಿನ್, ಮಾಡಿದ್ದಳು. ಅವಳದಕ್ಕೆ ಪಾಸ್‌ವರ್ಡ್ ಇತ್ತು. ದಡಿಯ ಫೈಲನ್ನು ಪೆನ್ ಡ್ರೈವಿಗೆ ಹಾಕಿಕೊಂಡು ಗದ್ವಾಲಕ್ಕೆ ಬಸ್ಸಿನಲ್ಲಿ ಒಯ್ಯುವುದು ನನ್ನ ಕೆಲಸ. ಅಲ್ಲಿ ಒಬ್ಬರು ಅದನ್ನು ನೋಡಿ ದಡಿಯ ಎಳೆ ಎತ್ತುವ ಜಕಾರ್ಡ್ ಯಂತ್ರದ ರಟ್ಟುಗಳಿಗೆ ತೂತು ಹೊಡೆದು ಕೊಡುತ್ತಾರೆ. ಕೆಲಸ ಮುಗಿದ ಮೇಲೆ ಅಲ್ಲಿಯ ಫೈಲನ್ನೂ ಪೆನ್ ಡ್ರೈವಿನದನ್ನೂ ಅಳಿಸಿ ಬರಬೇಕೆಂದು ಅಕ್ಕ ಹೇಳಿದ್ದಳು.

ಆ ದಿನ ಅಕ್ಕ ನೆಂಟರ ಮನೆಯ ಕೂಸಿನ ತೊಟ್ಟಿಲಿಗೆಂದು ಮಾನೋಪಾಡಿಗೆ ಹೋಗಿದ್ದಳು. ಫೋನ್ ಮಾಡಿದ್ದರೆ ಒಂದು ನಿಮಿಷದ ಮಾತು. ಮಾಡಲಿಲ್ಲ. ಒಂದೇ ತಾಟಿನಲ್ಲಿ ಉಂಡು ಬೆಳೆದ ತಮ್ಮನಿಗೆ, ದಿನಾ ಆ ದಡಿಗಳನ್ನೇ ನೇಯುವವನಿಗೆ ಬೀಗ ಹಾಕಿದಳಲ್ಲ ಎಂದು ಸಿಟ್ಟು ಬಂದಿತ್ತು. ಮರುದಿನ ಕಂಪ್ಯೂಟರಿನ ಡಬ್ಬಿಯನ್ನು ಹಳೆಯ ಸೀರೆಯಲ್ಲಿ ಸುತ್ತಿ, ತೊಡೆಯ ಮೇಲೆ ಇಟ್ಟುಕೊಂಡು ಮಖ್ತಲ್ ಬಸ್ಸು ಹತ್ತಿದೆ.

ಅಲ್ಲಿನ ಕಂಪ್ಯೂಟರ್ ರಿಪೇರಿಯವರು ನನ್ನ ವಯಸ್ಸಿನವರೇ. ಪಾಸ್‌ವರ್ಡ್ ಮರೆತಿದೆ ಎಂದೆ. ಹೆಂಡತಿಯ ಹೆಸರು ಇಟ್ಟಿದ್ದರೆ ಮರೆಯುತ್ತಿರಲಿಲ್ಲ ನೋಡಿ ಎಂದು ನಕ್ಕರು. ಹೊಸ ವಿಂಡೋಸ್ ಹಾಕಿದರೆ ಪಾಸ್‌ವರ್ಡ್ ಹೋಗುತ್ತದೆ, ಫೈಲುಗಳಿರುವ ಡಿ ಡ್ರೈವನ್ನು ತಾವು ಮುಟ್ಟುವುದೇ ಇಲ್ಲ ಎಂದರು. ಕೈ ಹಚ್ಚುವ ಮುಂಚೆ ಒಂದು ಮಾತು ಕೇಳಿದರು.

“ಫೈಲ್‌ಗಳಿಗೆ ಬ್ಯಾರೆ ಲಾಕ್ ಏನಾರ ಐತೇನ್ರಿ?”

“ಇಲ್ರಿ.”

ಇದೆ ಎಂದರೆ ಯಾರು ಹಾಕಿದರು ಎಂದು ಕೇಳುತ್ತಿದ್ದರು. ಒಡಹುಟ್ಟಿದವಳು ನನ್ನನ್ನು ನಂಬಲಿಲ್ಲ ಎಂದು ಪರರ ಮುಂದೆ ಹೇಳಲು ಬಾಯಿ ಬರಲಿಲ್ಲ. ಅದೂ ಅಲ್ಲದೆ ನಾನು ನೇಕಾರನ ತಲೆಯಿಂದ ಯೋಚಿಸಿದೆ. ಮಗ್ಗದ ಮೇಲಿನ ಜಕಾರ್ಡ್ ಸವೆದರೆ ಅದನ್ನು ಇಳಿಸಿ ಬೇರೆಯದು ಏರಿಸುತ್ತೇವೆ. ಕೆಳಗಿನ ಹಾಸು ಹಾಗೇ ಇರುತ್ತದೆ, ಎಳೆ ಕಟ್ಟಿಕೊಂಡು ಅದೇ ಸೀರೆ ಮುಂದುವರಿಸುತ್ತೇವೆ. ಇದೂ ಹಾಗೇ ಎಂದುಕೊಂಡೆ.

ಹೊಸ ವಿಂಡೋಸ್ ಬಂತು. ಡಿ ಡ್ರೈವಿನಲ್ಲಿ ಎಲ್ಲ ದಡಿಗಳ ಹೆಸರೂ ಇದ್ದವು. ಒಂದೂ ತೆರೆಯಲಿಲ್ಲ, ಒಂದೂ ಕಾಪಿ ಆಗಲಿಲ್ಲ. ಅವರು ಎಲ್ಲ ಫೈಲುಗಳ ಒಡೆತನವನ್ನು ನನ್ನ ಹೆಸರಿಗೆ ಮಾಡಿ ನೋಡಿದರು. ಡಿಸ್ಕ್ ಬಿಚ್ಚಿ ತಮ್ಮ ಕಂಪ್ಯೂಟರಿಗೆ ಹಚ್ಚಿ ನೋಡಿದರು. ಅಳಿದ ಫೈಲ್ ಎತ್ತುವ ಸಾಫ್ಟ್‌ವೇರ್ ಹಾಕಿ ಸಂಜೆಯವರೆಗೆ ಕಾದರು. ಕೊನೆಗೆ ಕುರ್ಚಿ ಹಿಂದಕ್ಕೆ ಸರಿಸಿದರು.

“ಬೀಗದ ಕೈ ಹಳೇ ವಿಂಡೋಸ್‌ನಾಗ ಇತ್ರಿ. ಅದನ್ನ ನಾವ ಅಳಿಸಿಬಿಟ್ವಿ. ಇನ್ನ ಯಾರ ಬಂದ್ರೂ ತೆಗಿಯಾಕ ಆಗಂಗಿಲ್ಲ. ನಾ ಕೇಳಿದ್ನಲ್ರಿ ನಿಮಗ?”

ಬೀಗದ ಕೈಯ ಇನ್ನೊಂದು ಪ್ರತಿಯನ್ನು ಬೀಗ ಹಾಕಿದವರು ಬೇರೆ ಕಡೆ ಇಟ್ಟಿದ್ದರೆ ಮಾತ್ರ ಉಳಿವು ಎಂದರು. ಅಕ್ಕ ಇಟ್ಟಿರುತ್ತಾಳೆ, ಓದಿದವಳಲ್ಲವೇ ಎಂದು ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ.

ಎರಡು ದಿನದ ಮೇಲೆ ಅಕ್ಕ ಬಂದಳು. ಕರೆಂಟು ಹೋಗಿ ಬಂದ ಮೇಲೆ ಹೀಗಾಗಿದೆ ಎಂದೆ. ಅವಳು ಪರದೆಯ ಮೇಲಿನ ಹೊಸ ವಿಂಡೋಸನ್ನು ಒಂದೇ ಸಲ ನೋಡಿದಳು. ಮಖ್ತಲ್‌ಗೆ ಒಯ್ದಿದ್ದೆಯಾ ಎಂದು ಕೇಳಿದಳು. ನಾನು ಉತ್ತರ ಕೊಡುವ ಬದಲು ಜಗಳಕ್ಕೇ ಬಿದ್ದೆ.

“ಸ್ವಂತ ತಮ್ಮಗ ಬೀಗ ಹಾಕ್ತಾರೇನ ಅಕ್ಕಾ?”

“ನಿನಗಲ್ಲೋ. ಗದ್ವಾಲಕ್ಕ ಹೋಗೋ ಪೆನ್ ಡ್ರೈವಿಗೆ ಹಾಕಿದ್ದು. ನಮ್ಮವ್ವನ ದಡಿ ಮಂದಿ ಸೀರಿ ಮ್ಯಾಲ ಕಂಡೀನಿ ನಾ. ನೀನ ಬಂದು ಹೇಳ್ತಿ ಅಂತ ವರ್ಷ ಕಾದೆ.”

ನಮ್ಮ ಓಣಿಯಲ್ಲಿ ಒಂದು ಮನೆಯ ದಡಿಯನ್ನು ಇನ್ನೊಂದು ಮನೆಯವರು ಕೇಳದೆ ನೇಯುವುದಿಲ್ಲ. ಕೇಳುವವರು ಮನೆಗೆ ಬಂದು, ಚಹಾ ಕುಡಿದು, ಹಿರಿಯರ ಬಾಯಿಂದ ಆಗಲಿ ಎನ್ನಿಸಿಕೊಂಡು ಹೋಗಬೇಕು. ಆ ರೂಢಿಯನ್ನು ಮುರಿದವನು ನಾನೇ. ಹಿಂದಿನ ವರ್ಷ ಗದ್ವಾಲದ ರಟ್ಟಿನ ಅಂಗಡಿಯಲ್ಲಿ ಕೂತಿದ್ದಾಗ ಅಲ್ಲಿನ ನೇಕಾರರೊಬ್ಬರು ಒಂದು ದಡಿ ನೋಡಿ, ಇದನ್ನು ಬರೆದ ಕೈ ಯಾರದು ಎಂದು ಕೇಳಿದ್ದರು. ನಂದೇ ಎಂದಿದ್ದೆ. ಏಳನೆಯದು ಓದಿದವನಿಗೆ ಯಾರೂ ಅಷ್ಟು ಗೌರವದಿಂದ ಏನನ್ನೂ ಕೇಳಿರಲಿಲ್ಲ. ಒಂದು ಕಾಪಿ ಕೊಡಿ ಎಂದಾಗ, ಕೊಡುವುದಿಲ್ಲ ಅಕ್ಕನನ್ನು ಕೇಳಬೇಕು ಎಂದರೆ ಸುಳ್ಳು ಬಯಲಾಗುತ್ತಿತ್ತು. ಕೊಟ್ಟೆ.

ಬೀಗದ ಕೈ ಬೇರೆ ಎಲ್ಲಾದರೂ ಇದೆಯೇ ಎಂದು ಕೇಳಿದೆ.

“ಇತ್ತು. ನಿನ್ನ ಬಾಗಿಲದ ಒಳಗ, ನಿನ್ನ ಹೆಸರಿನ ಫೋಲ್ಡರಿನಾಗ ಇಟ್ಟಿದ್ದೆ. ನಾಳೆ ನನಗ ಏನರ ಆದ್ರ ನಿನಗ ಇರ್ಲಿ ಅಂತ.”

ಅದೂ ಹಳೆಯ ವಿಂಡೋಸಿನ ಜೊತೆ ಅಳಿದಿತ್ತು.

ಆಗ ಉಳಿದ ಸುಳ್ಳನ್ನೂ ಹೇಳಿದೆ, ಬರೆದವನು ನಾನೇ ಎಂದು ಹೇಳಿಕೊಂಡದ್ದನ್ನು. ಕೊಟ್ಟದ್ದು ಅವಳಿಗೆ ಗೊತ್ತಿತ್ತು, ಇದು ಗೊತ್ತಿರಲಿಲ್ಲ.

“ಅವ್ವನ ಹೆಸರರ ಹೇಳಬಾರದಾಗಿತ್ತೇನೋ?”

ತಪ್ಪು ನನ್ನದು, ಅದನ್ನು ಬರೆಯಲೆಂದೇ ಕೂತಿದ್ದೇನೆ. ಆದರೂ ಒಂದು ಮುಳ್ಳು ಹೋಗಿಲ್ಲ. ವರ್ಷವಿಡೀ ನನಗೆ ರೊಟ್ಟಿ ಬಡಿಸುತ್ತ, ಗದ್ವಾಲಕ್ಕೆ ಹೋಗಿ ಬಾ ಎಂದು ಕಳಿಸುತ್ತ, ಒಳಗೆ ಅವಳು ನನ್ನನ್ನು ತೂಗುತ್ತಿದ್ದಳು. ಒಂದು ಸಲ ಬೈದಿದ್ದರೆ ನಾನು ಉಳಿಯುತ್ತಿದ್ದೆ, ದಡಿಗಳೂ ಉಳಿಯುತ್ತಿದ್ದವು. ಇದನ್ನು ಅವಳ ಮುಂದೆ ಹೇಳುವ ಮುಖ ನನಗಿಲ್ಲ.

ಅವಳು ತೆಗೆದ ದಡಿಗಳಲ್ಲಿ ತೆರೆಯಬಹುದಾದದ್ದು ಇನ್ನು ಒಂದೇ, ನಾನು ಕೊಟ್ಟದ್ದು. ಗದ್ವಾಲಕ್ಕೆ ಹೋಗಿ ಕೇಳಿದೆ. ನಿಮ್ಮದು ನಿಮ್ಮ ಹತ್ತಿರ ಇಲ್ಲವೇ ಎಂದು ಆ ನೇಕಾರರು ನಕ್ಕರು.

“ಅದು ನಂದಲ್ರಿ. ನಮ್ಮವ್ವ ಬರೆದಿದ್ದು. ಕಂಪ್ಯೂಟರಿಗೆ ತೆಗೆದಾಕಿ ನಮ್ಮಕ್ಕ.”

ಅವರು ಮತ್ತೆ ನನ್ನ ಮುಖ ನೋಡಲಿಲ್ಲ. ಕಾಪಿ ಆಗಲು ಒಂದು ಉಸಿರಿನಷ್ಟು ಹೊತ್ತು ಹಿಡಿಯಿತು. ಕಂಪ್ಯೂಟರು ಏನೂ ಕೇಳಲಿಲ್ಲ.

ಮನೆಯಲ್ಲಿ ಅಕ್ಕ ಅದನ್ನು ತೆರೆದು ಚೌಕ ಎಣಿಸಿದಳು. ಗದ್ವಾಲದವರು ಮಗ್ಗುಲಿಗೆ ಎರಡು ಎಳೆ ಕಡಿಮೆ ಮಾಡಿದ್ದಾರೆ ಎಂದು ತಿದ್ದಿದಳು. ಅವ್ವ ಉಟ್ಟ ಸೀರೆಗಳನ್ನು ಹೊರಗೆ ತೆಗೆದು, ಸೂಜಿಯ ಮೊನೆಯಿಂದ ಎಳೆ ಎಣಿಸಿ ಎರಡನೆಯ ದಡಿ ಶುರು ಮಾಡಿದಳು. ಸೀರೆಯ ತುದಿ ಹಿಡಿದು ನಾನು ಪಕ್ಕದಲ್ಲಿ ಕೂತೆ. ಅವಳು ಬೇಡ ಅನ್ನಲಿಲ್ಲ. ಕೆಲಸ ಮುಗಿದ ಮೇಲೆ ಹೊಸ ಪಾಸ್‌ವರ್ಡ್ ಹಾಕುವಾಗ ಎಡಗೈಯನ್ನು ಕೀಬೋರ್ಡಿಗೆ ಅಡ್ಡ ಹಿಡಿದು, ಬಲಗೈಯ ಒಂದೊಂದೇ ಬೆರಳಿನಿಂದ ಒತ್ತಿದಳು. ನಾನು ಗೋಡೆಯ ಕಡೆ ಮುಖ ತಿರುಗಿಸಿಕೊಂಡೆ.