ನಲವತ್ತು ಅಡಿಯ ತೋಳು

ಬೆಳಕು ಹರಿಯುವಷ್ಟರಲ್ಲಿ ಸ್ಕೇಲಮ್ಮ ಮುಗಿಸಬೇಕಾದ ಕೆಲಸಗಳು ಇವು: ಹಾಸಿಗೆ ಹಿಡಿದ ಅತ್ತೆಯನ್ನು ಎಡಮಗ್ಗುಲಿಗೆ ಹೊರಳಿಸಿ, ಅಡಿಯ ಒದ್ದೆ ಬಟ್ಟೆ ಎಳೆದು, ಒಣಗಿದ್ದು ಹಾಸುವುದು. ಬೆನ್ನು ಒರೆಸಿ, ಹುಣ್ಣೇನಾದರೂ ಎದ್ದಿದೆಯೇ ಎಂದು ಟಾರ್ಚ್ ಹಿಡಿದು ನೋಡಿ, ಪೌಡರ್ ಹಚ್ಚುವುದು. ಒದ್ದೆ ಬಟ್ಟೆಗಳನ್ನು ನೆನೆಸುವುದು. ನಲ್ಲಿ ನಿಲ್ಲುವ ಮೊದಲು ಡ್ರಮ್ ತುಂಬಿಸುವುದು. ಮಾತ್ರೆ ಪುಡಿ ಮಾಡಿ ಚಮಚದಲ್ಲಿ ಕುಡಿಸುವುದು. ಅಡುಗೆ ಮುಗಿಸಿ ಡಬ್ಬಿ ಕಟ್ಟುವುದು. ಗಂಡನ ಯೂನಿಫಾರ್ಮ್ ಇಸ್ತ್ರಿ ಮಾಡುವುದು. ಕೊನೆಗೆ, ಅವನು ಏಳುವ ಮೊದಲು, ಅವನ ಮೀನಖಂಡಕ್ಕೆ ಬಿಸಿನೀರಿನ ಚೀಲ ಇಡುವುದು.

ಗಂಡ ಕಲಾ ಮ್ಯೂಸಿಯಂನಲ್ಲಿ ಕಾವಲುಗಾರ. ಮೇಲಿನ ಮಹಡಿಯ ಹಳೆಯ ಚಿತ್ರಗಳ ಪಕ್ಕದಲ್ಲಿ ಒಂಬತ್ತರಿಂದ ಆರರವರೆಗೆ ನಿಂತೇ ಇರಬೇಕು, ಕೂತರೆ ನೋಟಿಸು ಎಂದು ಅವನು ಹೇಳುತ್ತಿದ್ದ. ಸಂಜೆ ಬಂದವನೇ ಕುರ್ಚಿಯಲ್ಲಿ ಕುಸಿದು ಕಾಲು ಚಾಚುತ್ತಿದ್ದ. ಅವಳು ಎಣ್ಣೆ ಬಿಸಿ ಮಾಡುತ್ತಿದ್ದಳು. ಅಷ್ಟು ದಣಿದವನಿಗೆ ತಾಯಿಯನ್ನು ಒಂದು ಸಲ ಹೊರಳಿಸು ಎನ್ನಲು ಬಾಯಾದರೂ ಹೇಗೆ ಬರುತ್ತದೆ?

ಸ್ಕೇಲಮ್ಮ ಎನ್ನುವುದು ಶಾಲಾ ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಅವಳಿಗೆ ಬಿದ್ದ ಹೆಸರು. ಅವಳ ಹೊಲಿಗೆ ಸ್ಕೇಲಿಟ್ಟು ಗೆರೆ ಎಳೆದಂತಿರುತ್ತಿತ್ತು. ಬೆಳಿಗ್ಗೆ ಒಂಬತ್ತರಿಂದ ಒಂದರವರೆಗೆ ಮಿಷನ್ ತುಳಿಯುತ್ತಿದ್ದಳು. ಅಷ್ಟು ಹೊತ್ತು ಅತ್ತೆಯನ್ನು ಪಕ್ಕದ ಮನೆಯ ದೊಡ್ಡಮ್ಮ ನೋಡಿಕೊಳ್ಳುತ್ತಿದ್ದರು.

ಕಳೆದ ತಿಂಗಳು ಕಾರ್ಖಾನೆಯ ಯಜಮಾನಿ ಅವಳನ್ನು ಕಟಿಂಗ್ ಮೇಜಿಗೆ ಕರೆದಿದ್ದರು. ನೂರು ಪದರ ಬಟ್ಟೆ ಹರಡಿ, ಗುರುತು ಹಾಕಿ, ಒಂದೇ ಸಲಕ್ಕೆ ಕತ್ತರಿಸುವ ಕೆಲಸ. ಕೈ ಒಂದಿಷ್ಟು ಜಾರಿದರೆ ನೂರು ಅಂಗಿ ಹಾಳು. ಅಲ್ಲಿ ಇದುವರೆಗೆ ಗಂಡಸರೇ ನಿಂತಿದ್ದರು. ಹದಿನೇಳು ವರ್ಷದಿಂದ ಅವಳು ಆ ಮೇಜನ್ನು ಓರೆಗಣ್ಣಿನಲ್ಲಿ ನೋಡುತ್ತಲೇ ಇದ್ದಳು. ಆದರೆ ಆ ಕೆಲಸಕ್ಕೆ ಸಂಜೆ ಆರರವರೆಗೆ ಇರಬೇಕು.

"ನನ್ನ ಡ್ಯೂಟಿ ಆರರ ತನಕ. ಅಮ್ಮನ್ನ ಯಾರು ನೋಡ್ತಾರೆ, ನೀನೇ ಹೇಳು," ಎಂದಿದ್ದ ಗಂಡ. ತನ್ನಿಂದಾಗುವುದಿಲ್ಲ ಎಂದು ಯಜಮಾನಿಗೆ ಶುಕ್ರವಾರ ತಿಳಿಸಬೇಕಿತ್ತು.

ಗುರುವಾರ ಮಧ್ಯಾಹ್ನ ಯಜಮಾನಿ ಎಲ್ಲರಿಗೂ ರಜೆ ಕೊಟ್ಟು ಕೈಗೊಂದು ಪಾಸ್ ಇಟ್ಟರು. ಮೂರು ತಿಂಗಳ ಹಿಂದೆ ಮ್ಯೂಸಿಯಂನವರು ಕಾರ್ಖಾನೆಯಲ್ಲಿ ವಿಚಿತ್ರವಾದದ್ದೊಂದನ್ನು ಹೊಲಿಸಿದ್ದರು. ದಪ್ಪ ಹಳದಿ ಬಟ್ಟೆಯ ಕೊಳವೆ, ಉದ್ದ ನಲವತ್ತು ಅಡಿ. "ಇದ್ಯಾವ ರಾಕ್ಷಸನ ಅಂಗಿ ತೋಳೇ ಮಾರಾಯ್ತಿ!" ಎಂದು ಗುಂಡಿ ಹೊಲಿಯುವ ಅಕ್ಕ ನಕ್ಕಿದ್ದಳು. ಈಗ ಆ ತೋಳು ಆಟದ ಪ್ರದರ್ಶನದಲ್ಲಿ ಇದೆಯಂತೆ, ಹೊಲಿದವರೆಲ್ಲ ಬಂದು ನೋಡಬೇಕಂತೆ.

ಗಂಡನಿಗೆ ಹೇಳಿರಲಿಲ್ಲ. ನೋಡುವುದು ಮುಗಿಸಿ ಮೇಲಿನ ಮಹಡಿಗೆ ಹೋಗಿ ಎದುರು ನಿಂತು ಬೆಚ್ಚಿಬೀಳಿಸಬೇಕು ಎಂದುಕೊಂಡಿದ್ದಳು. ದೊಡ್ಡಮ್ಮ ನಾಲ್ಕರವರೆಗೆ ಇರಲು ಒಪ್ಪಿದ್ದರು.

ಪ್ರದರ್ಶನದ ಕೋಣೆಗೆ ಚಪ್ಪಲಿ ಬಿಟ್ಟು ಹೋಗಬೇಕಿತ್ತು. ಮನೆಯೆತ್ತರದ ಬಟ್ಟೆಯ ಗುಡ್ಡ, ಅದರ ನೆತ್ತಿಯಿಂದ ಇಳಿದ ಬಣ್ಣಬಣ್ಣದ ಕೊಳವೆಗಳು, ಕೆಳಗೆ ಹತ್ತಿ ತುಂಬಿದ ಸಾವಿರಾರು ಚೆಂಡು.

"ನಡಿಯೇ, ಜಾರೋಣ," ಎಂದಳು ಗುಂಡಿಯಕ್ಕ.

"ನಲವತ್ತೈದಾಯ್ತು ಕಣಕ್ಕ. ಸೊಂಟ ಮುರೀತದೆ."

"ಮುರಿದರೆ ನಿನ್ನ ಗಂಡನೇ ಎತ್ಕೊಂಡು ಹೋಗ್ಲಿ, ಇಲ್ಲೇ ಇದ್ದಾನಲ್ಲ!" ಎಂದು ಅವಳು ಸ್ಕೇಲಮ್ಮನನ್ನು ಗುಡ್ಡದ ನೆತ್ತಿಗೆ ಹತ್ತಿಸಿ, ಬೆನ್ನಿಗೆ ಕೈಯಿಟ್ಟು ಹಳದಿ ಕೊಳವೆಯೊಳಗೆ ನೂಕಿಯೇಬಿಟ್ಟಳು.

ಒಳಗೆಲ್ಲ ಹಳದಿ ಬೆಳಕು. ಮೈ ಜಾರುತ್ತಿದ್ದಂತೆ ಬೆನ್ನಿಗೆ ಸಾಲಾಗಿ ಏನೋ ತಗುಲಿತು. ಜೋಡು ಹೊಲಿಗೆ, ತಾನೇ ಹಾಕಿದ್ದು. ಆಮೇಲೆ ತಿರುವು ಬಂತು, ಬಾಯಿಂದ ಕೇಕೆ ಹೊರಟಿತು. ಬೀದಿಯಲ್ಲಿ ಮನೆ ಕಟ್ಟುತ್ತಿದ್ದವರ ಮರಳಿನ ರಾಶಿಯ ಮೇಲೆ ಗೋಣಿಚೀಲ ಹಾಕಿಕೊಂಡು ಜಾರುತ್ತಿದ್ದ, ಲಂಗ ಹರಿದುಕೊಂಡು ಅಮ್ಮನ ಕೈಲಿ ಏಟು ತಿಂದು ಮರುದಿನ ಮತ್ತೆ ಅಲ್ಲಿಗೇ ಓಡುತ್ತಿದ್ದ ಹುಡುಗಿಯ ಕೇಕೆ ಅದು. ಚೆಂಡುಗಳ ನಡುವೆ ದೊಪ್ಪನೆ ಬಿದ್ದಳು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಮತ್ತೆ ಹತ್ತಿದಳು, ಮತ್ತೆ ಜಾರಿದಳು. ಮೂರನೆಯ ಸಲ ಗುಂಡಿಯಕ್ಕನನ್ನೇ ಪಕ್ಕಕ್ಕೆ ತಳ್ಳಿ ಓಡಿದಳು.

ಮೂರನೆಯ ಸಲ ಬಿದ್ದು ಏಳುತ್ತಿದ್ದಾಗ ಪಕ್ಕದ ನೀಲಿ ಕೊಳವೆಯೊಳಗಿಂದ ಗಂಡಸಿನ ನಗು ಕೇಳಿತು. ಎಲ್ಲೋ ಕೇಳಿದ ನಗು. ಯಾರದು ಎಂದು ಹೊಳೆಯುವಷ್ಟರಲ್ಲಿ ಗಂಡ ಕಾಲು ಮುಂದಾಗಿ ಬಂದು ಅವಳ ಪಕ್ಕದಲ್ಲೇ ಬಿದ್ದ. ಬನಿಯನ್ನು, ಮೊಣಕಾಲಿಗೆ ಮಡಿಸಿದ ಪ್ಯಾಂಟು. ಅವಳು ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ಬಾಗಿಲ ಬಳಿಯ ಮೊಳೆಗೆ ನೇತುಬಿದ್ದಿತ್ತು.

ಅವನ ಮುಖದಿಂದ ನಗು ಇಳಿಯಲು ಒಂದು ಕ್ಷಣ ಬೇಕಾಯಿತು.

"ನೀನಿಲ್ಲಿ? ಅಮ್ಮನ್ನ ಯಾರು ನೋಡ್ತಿದಾರೆ?" ಎಂದ.

ಅದೇ ಅವನ ಬಾಯಿಗೆ ಮೊದಲು ಬಂದ ಮಾತು.

"ದೊಡ್ಡಮ್ಮ," ಎಂದಳು. "ನಿಮ್ಮ ಕಾಲುನೋವು ಹೇಗಿದೆ?"

"ಇವತ್ತು ಸ್ವಲ್ಪ ಬೇಗ ಬಿಟ್ರು, ಅದಕ್ಕೇ..."

ಬಾಗಿಲಲ್ಲಿ ಪಾಸ್ ನೋಡುವ ಹುಡುಗಿ ಅಲ್ಲಿಂದಲೇ ಕೂಗಿದಳು: "ಆಂಟಿ, ಅಂಕಲ್ ನಿಮಗೆ ಪರಿಚಯಾನಾ? ಇವರು ನಮ್ಮ ಚಾಂಪಿಯನ್ನು. ಎರಡು ಗಂಟೆಗೆ ಶಿಫ್ಟ್ ಮುಗೀತು ಅಂದ್ರೆ ಇಲ್ಲಿ ಹಾಜರ್, ಆರು ಗಂಟೆಗೆ ನಾವೇ ಓಡಿಸ್ಬೇಕು. ಇದು ಶುರುವಾಗೋಕೆ ಮುಂಚೆ ಎರಡು ವರ್ಷ ಸ್ಟಾಫ್ ರೂಮಲ್ಲಿ ಕೇರಂ ಚಾಂಪಿಯನ್ನು!"

ಎರಡು ವರ್ಷ. ಅತ್ತೆ ಹಾಸಿಗೆ ಹಿಡಿದೂ ಎರಡು ವರ್ಷವೇ ಆಗಿತ್ತು.

ಗುಂಡಿಯಕ್ಕ ಬಾಯಿಗೆ ಸೆರಗು ಹಿಡಿದುಕೊಂಡಳು. ಗಂಡ ದನಿ ತಗ್ಗಿಸಿದ. "ತಪ್ಪು ತಿಳ್ಕೋಬೇಡ ಕಣೇ. ಮನೆಗೆ ಬಂದ್ರೆ ಅದೇ ವಾಸನೆ, ಅದೇ ನರಳಾಟ. ನನಗೂ ನಾಲ್ಕು ಗಂಟೆ ಉಸಿರಾಡೋದು ಬೇಡ್ವಾ?"

ಅವನು ಈಗಲೂ ಸುಳ್ಳನ್ನೇ ಹೇಳಿದ್ದರೆ ಜಗಳವಾಡಬಹುದಿತ್ತು. ಆದರೆ ಈ ಮಾತು ನಿಜ, ಅದೇ ಅವಳ ಎದೆ ಸೀಳಿತು. ಉಸಿರಾಡಬೇಕೆನಿಸುವುದು ಎಂಥದ್ದೆಂದು ಅವಳಿಗೂ ಈಗಷ್ಟೇ ಗೊತ್ತಾಗಿತ್ತು. ಅದು ಅವನಿಗೆ ಎರಡು ವರ್ಷದಿಂದ ಗೊತ್ತು. ಗೊತ್ತಿದ್ದೂ ಪ್ರತಿ ಸಂಜೆ ಅವಳ ಮುಂದೆ ಕಾಲು ಚಾಚಿದ್ದ. ಈ ಹೆಂಗಸಿಗೂ ಉಸಿರಿದೆ ಎಂದು ಒಂದು ದಿನವೂ ಅನ್ನಿಸಿರಲಿಲ್ಲ. ಅವಳು ಎಣ್ಣೆ ತಿಕ್ಕಿದ್ದು ಆಡಿ ಬಂದ ಕಾಲಿಗೆ.

"ನೀವು ಆಡಿ," ಎಂದು ಚಪ್ಪಲಿ ಮೆಟ್ಟಿಕೊಂಡಳು.

ಬಸ್ಸಿನಲ್ಲಿ ಗುಂಡಿಯಕ್ಕ ಏನೇನೋ ಹೇಳಿದಳು. "ಗಂಡಸರೇ ಹಾಗೆ" ಎಂದಳು, ಆಮೇಲೆ "ನಾನಾಗಿದ್ರೆ ಎಣ್ಣೆ ಬಟ್ಟಲಿಂದಲೇ ತಲೆಗೆ ಕುಟ್ತಿದ್ದೆ" ಎಂದಳು. ಕಾರ್ಖಾನೆಯ ಸ್ಟಾಪು ಬಂದಾಗ ಸ್ಕೇಲಮ್ಮ ಒಬ್ಬಳೇ ಇಳಿದಳು. ಗಂಟೆ ಮೂರೂವರೆ.

ಯಜಮಾನಿ ಮರುದಿನದ ಬಟ್ಟೆಯ ಥಾನುಗಳನ್ನು ಎಣಿಸುತ್ತಿದ್ದರು. ಕಟಿಂಗ್ ಮೇಜು ಖಾಲಿಯಿತ್ತು. ಸ್ಕೇಲಮ್ಮ ಅದರ ಅಂಚು ಹಿಡಿದು ನಿಂತಳು. ಗಂಡನ ಶಿಫ್ಟ್ ಮುಗಿಯುವುದು ಎರಡಕ್ಕೆ; ಎರಡೂವರೆಯವರೆಗಾದರೆ ದೊಡ್ಡಮ್ಮ ಇಲ್ಲವೆನ್ನರು. ಆಮೇಲೆ? ಗಂಡ ಬರಬಹುದು, ಬಾರದೆಯೂ ಇರಬಹುದು. ಬಾರದಿದ್ದರೆ ಅತ್ತೆ ಆರರವರೆಗೆ ಒದ್ದೆಯಲ್ಲೇ ಮಲಗಿರುತ್ತಾರೆ, ಬಾಗಿಲ ಕಡೆ ನೋಡುತ್ತಾ. ಬಲಸೊಂಟದ ಬಳಿ ಕೆಂಪಗಾಗಿರುವ ಜಾಗ ಮೂರು ದಿನದಲ್ಲಿ ಬಿರಿಯುತ್ತದೆ. ಆ ಮುದುಕಿ ಅವಳಿಗೆ ಯಾವ ಕೇಡೂ ಮಾಡಿದವಳಲ್ಲ. ಇದೆಲ್ಲ ಅವಳಿಗೆ ಯಾರಿಗಿಂತಲೂ ಚೆನ್ನಾಗಿ ಗೊತ್ತಿತ್ತು.

"ಮನೇಲಿ ಕೇಳಿದ್ಯಾ?" ಎಂದರು ಯಜಮಾನಿ, ತಲೆ ಎತ್ತದೆ.

"ಕೇಳಿಲ್ಲ," ಎಂದಳು. "ನಾಳೆಯಿಂದ ಆರರ ತನಕ ಇರ್ತೀನಿ."